ಡೆಡ್‌ಲೈನ್ ಹುಟ್ಟಿದ ಊರು

ಡೆಡ್‌ಲೈನ್ ಎಂಬ ಮಾತು ಕಿವಿಗೆ ಬೀಳದ ದಿನ ಈಗ ಇಲ್ಲವೇ ಇಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಮಗಳು ರಾತ್ರಿ ಫೋನು ಮಾಡಿ, ‘ಅಮ್ಮಾ, ನಾಳೆ ಡೆಡ್‌ಲೈನು, ನೀವೆಲ್ಲ ಊಟ ಮಾಡಿಬಿಡಿ’ ಅನ್ನುತ್ತಾಳೆ. ಇಂಜಿನಿಯರಿಂಗ್ ಓದುವ ಹುಡುಗನಿಗೆ ಪ್ರಾಜೆಕ್ಟ್ ರಿಪೋರ್ಟಿನ ಡೆಡ್‌ಲೈನು. ಸಂಬಳದವರಿಗೆ ಆದಾಯ ತೆರಿಗೆ ರಿಟರ್ನ್ಸಿನ ಡೆಡ್‌ಲೈನು. ದೀಪಾವಳಿ ವಿಶೇಷಾಂಕಕ್ಕೆ ಕತೆ ಒಪ್ಪಿಕೊಂಡವರಿಗೆ ಮಳೆಗಾಲದಲ್ಲೇ ಸಂಪಾದಕರ ಫೋನು ಬರುತ್ತದೆ: ‘ಡೆಡ್‌ಲೈನ್ ಹತ್ತಿರ ಬಂತಲ್ಲ ಸಾರ್, ಕತೆ ಎಲ್ಲಿಗೆ ಬಂತು?’ ಮೊನ್ನೆ ನಮ್ಮ ಬೀದಿಯ ಟೈಲರ್ ಅಂಗಡಿಯಲ್ಲಿ ಒಬ್ಬರು ರವಿಕೆ ಬಟ್ಟೆ ಕೊಟ್ಟು, ‘ಶನಿವಾರ ಮದುವೆ, ಶುಕ್ರವಾರ ಡೆಡ್‌ಲೈನು ನೋಡಿ’ ಎಂದು ಹೇಳಿ ಹೋದರು. ಗಡುವು, ವಾಯಿದೆ ಎಂಬ ನಮ್ಮ ಮಾತುಗಳು ಸರ್ಕಾರಿ ಪ್ರಕಟಣೆಗೂ ಬ್ಯಾಂಕಿನ ನೋಟಿಸಿಗೂ ಸೇರಿಹೋಗಿವೆ. ಬಾಯಿಮಾತಿನಲ್ಲಿ ಗಟ್ಟಿಯಾಗಿ ನಿಂತಿರುವುದು ಡೆಡ್‌ಲೈನೇ.

ಈ ಮಾತಿನ ಜೊತೆ ನನ್ನದು ಹಳೆಯ ಒಡನಾಟ. ಕನ್ನಡ ದಿನಪತ್ರಿಕೆಯೊಂದರ ಸುದ್ದಿ ಡೆಸ್ಕಿನಲ್ಲಿ ರಾತ್ರಿ ಪಾಳಿ ಮಾಡುತ್ತ ವಯಸ್ಸು ಕಳೆದವನು ನಾನು. ದೂರದ ಜಿಲ್ಲೆಗಳಿಗೆ ಹೋಗುವ ಡಾಕ್ ಎಡಿಷನ್ ಮೊದಲು, ಊರಿನ ಸಿಟಿ ಎಡಿಷನ್ ಕೊನೆಗೆ. ಡಾಕಿನ ಪುಟಗಳನ್ನು ಹತ್ತೂವರೆಗೆ ಬಿಡಲೇಬೇಕು. ‘ಪೇಜ್ ಬಿಟ್ರಾ?’ ಎಂಬುದೇ ಆ ಹೊತ್ತಿನಲ್ಲಿ ನಮ್ಮ ಕುಶಲಪ್ರಶ್ನೆ. ಪುಟ ಪ್ಲೇಟಾಗಬೇಕು, ಪ್ಲೇಟು ಮೆಷಿನ್ನಿಗೆ ಏರಬೇಕು, ಅಚ್ಚಾದ ಪ್ರತಿಗಳನ್ನು ಎಣಿಸಿ ಬಂಡಲು ಕಟ್ಟಬೇಕು, ಬಂಡಲಿನ ಮೇಲೆ ಏಜೆಂಟರ ಹೆಸರಿನ ಚೀಟಿ ಅಂಟಿಸಿ ವ್ಯಾನಿಗೆ ತುಂಬಬೇಕು, ವ್ಯಾನು ಹೋಗಿ ರಾತ್ರಿ ಬಸ್ಸನ್ನು ಹಿಡಿಯಬೇಕು. ಮುದ್ರಣ ವಿಭಾಗದ ಫೋರ್‌ಮನ್ ಒಬ್ಬರಿದ್ದರು. ಹತ್ತು ಇಪ್ಪತ್ತಾದರೂ ಮುಖಪುಟ ಬಾರದಿದ್ದರೆ ಮೆಟ್ಟಿಲು ಹತ್ತಿ ಬಂದು, ಮಸಿ ಹತ್ತಿದ ಕೈಯನ್ನು ಬಾಗಿಲ ಚೌಕಟ್ಟಿಗೆ ತಾಗದಂತೆ ಹಿಡಿದು ನಿಲ್ಲುವರು. ಒಂದು ದಿನವೂ ಬೈದವರಲ್ಲ. ‘ಸಾರ್, ಚಳ್ಳಕೆರೆ ಹುಡುಗ ಬೆಳಗಿನ ಜಾವ ಸೈಕಲ್ ತಗೊಂಡು ಬಸ್‌ಸ್ಟ್ಯಾಂಡಲ್ಲಿ ನಿಂತಿರ್ತಾನೆ’ ಅನ್ನುವರು, ಅಷ್ಟೇ. ಆ ಹುಡುಗನನ್ನು ನಾನು ಕಂಡವನಲ್ಲ. ಆದರೂ ಅವನ ಹೆಸರು ಕೇಳಿದೊಡನೆ ಕೈ ಚುರುಕಾಗುತ್ತಿತ್ತು. ಪೇಪರು ಸಿಗದೆ ಅವನು ಬರಿಗೈಯಲ್ಲಿ ಸೈಕಲ್ ತಿರುಗಿಸಿಕೊಂಡು ಹೋಗಬಾರದು ಎಂಬುದು ಡೆಸ್ಕಿನಲ್ಲಿದ್ದ ನಮಗೆಲ್ಲರಿಗೂ ಒಪ್ಪಿಗೆಯಾಗಿದ್ದ ವಿಷಯ.

ಇಷ್ಟು ಬಳಸಿದ ಮಾತು ಎಲ್ಲಿಂದ ಬಂತು ಎಂದು ನಾನು ಹುಡುಕಿ ಓದಿದ್ದು ರಾತ್ರಿ ಪಾಳಿ ಮುಗಿದ ಮೇಲೆ, ಹಗಲಿನಲ್ಲಿ ಪುಸ್ತಕ ಹಿಡಿಯಲು ಪುರುಸೊತ್ತು ಸಿಕ್ಕಾಗ. ಡೆಡ್ ಒಂದು ಪದ, ಲೈನ್ ಒಂದು ಪದ. ಲೈನಿನ ಬೇರು ಲ್ಯಾಟಿನ್ನಿನ ಲೀನಮ್, ಅಂದರೆ ಅಗಸೆ ಗಿಡ. ಅಗಸೆ ನಾರಿನ ದಾರಕ್ಕೆ ರೋಮನರು ಲೀನಿಯ ಎಂದರು. ದಾರ ಬಿಗಿದು ಹಿಡಿದರೆ ನೇರ ಗೆರೆಯಾಗುತ್ತದೆ, ಹಾಗಾಗಿ ದಾರದ ಹೆಸರೇ ಗೆರೆಗೂ ಬಂತು. ನಮ್ಮ ಗಾರೆ ಕೆಲಸದವರು ಇವತ್ತಿಗೂ ಗೋಡೆ ಎಬ್ಬಿಸುವಾಗ ದಾರ ಕಟ್ಟಿಯೇ ನೇರ ನೋಡುತ್ತಾರೆ. ಜೋಳದ ರೊಟ್ಟಿಯ ಪಕ್ಕದಲ್ಲಿ ಬಡಿಸುವ ಅಗಸಿ ಹಿಂಡಿ ಅದೇ ಗಿಡದ ಬೀಜದ್ದು. ಲೈನಿನ ಕಡೆಯ ನಂಟೆಲ್ಲ ಹೊಲದ್ದು, ಮನೆ ಕಟ್ಟುವುದರದ್ದು. ಕತೆ ಇರುವುದು ಡೆಡ್ ಎಂಬ ಇನ್ನೊಂದು ಅರ್ಧದಲ್ಲಿ. ಎರಡರಲ್ಲಿ ಯಾವುದರಲ್ಲೂ ಗಡಿಯಾರವಿಲ್ಲ, ಕ್ಯಾಲೆಂಡರಿಲ್ಲ. ಯಾಕೆಂದರೆ ಈ ಜೋಡುಪದ ಮೊದಲು ಹೊತ್ತನ್ನು ಕುರಿತದ್ದೇ ಆಗಿರಲಿಲ್ಲ. ಅದು ನೆಲದ ಮೇಲೆ ನಿಜವಾಗಿ ಇದ್ದ ಒಂದು ಗೆರೆಯ ಹೆಸರಾಗಿತ್ತು.

ಗೆರೆ ಇದ್ದದ್ದು ಅಮೆರಿಕದ ಜಾರ್ಜಿಯ ರಾಜ್ಯದ ಆಂಡರ್ಸನ್‌ವಿಲ್ ಎಂಬ ಪುಟ್ಟ ಊರಿನ ಹತ್ತಿರ. 1861ರಲ್ಲಿ ಶುರುವಾದ ಅಂತರ್ಯುದ್ಧ ಆಗ ಮೂರನೇ ವರ್ಷ ಕಳೆಯುತ್ತಿತ್ತು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳು ಒಂದು ಕಡೆ, ಒಕ್ಕೂಟದ ಸೈನ್ಯ ಇನ್ನೊಂದು ಕಡೆ. ಮೊದಮೊದಲು ಸೆರೆಸಿಕ್ಕ ಸೈನಿಕರನ್ನು ಎರಡೂ ಕಡೆಯವರು ಅದಲುಬದಲು ಮಾಡಿಕೊಳ್ಳುತ್ತಿದ್ದರು. 1862ರ ಜುಲೈಯಲ್ಲಿ ಅದಕ್ಕೊಂದು ಒಪ್ಪಂದವೂ ಆಗಿತ್ತು. ಆಮೇಲೆ ಉತ್ತರದ ಸೈನ್ಯಕ್ಕೆ ಕಪ್ಪು ಜನ ಸೇರಿದರು. ಅವರನ್ನು ಯುದ್ಧಕೈದಿಗಳೆಂದು ಒಪ್ಪುವುದಿಲ್ಲ ಎಂದು ದಕ್ಷಿಣದವರು ಹಟ ಹಿಡಿದರು. 1863ರಲ್ಲಿ ವಿನಿಮಯ ಮುರಿದುಬಿತ್ತು. ಹಿಡಿದವರನ್ನೆಲ್ಲ ಎಲ್ಲಾದರೂ ಕೂಡಿಹಾಕಲೇಬೇಕಾಯಿತು. ಪೈನ್ ಮರಗಳ ಕಾಡಿನ ನಡುವೆ, ರೈಲು ಹಾದಿಯ ಹತ್ತಿರ ಒಂದು ಜಾಗ ನೋಡಿ, ಗುಲಾಮರ ಕೈಯಲ್ಲೇ ಮರ ಕಡಿಸಿ ಒಂದು ದೊಡ್ಡಿ ಕಟ್ಟಿಸಿದರು. ಕಾಗದಪತ್ರದಲ್ಲಿ ಅದು ಕ್ಯಾಂಪ್ ಸಮ್ಟರ್. ಜನರ ಬಾಯಲ್ಲಿ ಉಳಿದದ್ದು ಆಂಡರ್ಸನ್‌ವಿಲ್. 1864ರ ಫೆಬ್ರುವರಿಯಲ್ಲಿ ಮೊದಲ ಕೈದಿಗಳು ಬಂದಿಳಿದರು.

ದೊಡ್ಡಿ ಎಂಬ ಮಾತನ್ನು ನಾನು ಯೋಚಿಸಿಯೇ ಬಳಸಿದ್ದೇನೆ. ಅಲ್ಲಿ ಕೋಣೆಯಿರಲಿಲ್ಲ, ಸೂರಿರಲಿಲ್ಲ. ಸುತ್ತಲೂ 15 ಅಡಿಗೂ ಎತ್ತರದ ಮರದ ದಿಮ್ಮಿಗಳ ಗೋಡೆ, ನಡುವೆ ಬರಿ ನೆಲ, ಆ ನೆಲದ ಮಧ್ಯೆ ಹರಿಯುವ ಒಂದು ತೊರೆ. ಹದಿನಾರೂವರೆ ಎಕರೆ ಜಾಗ, ಹತ್ತು ಸಾವಿರ ಜನಕ್ಕೆಂದು ಮಾಡಿದ್ದು. ಜೂನಿನಲ್ಲಿ ಇನ್ನು ಹತ್ತು ಎಕರೆ ಸೇರಿಸಿದರು. ಆಗಸ್ಟ್ ಹೊತ್ತಿಗೆ ಅದರೊಳಗೆ 32 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಕಂಬಳಿ ಇದ್ದವರು ಕಂಬಳಿ ಕಟ್ಟಿ, ಕೋಟು ಇದ್ದವರು ಕೋಟು ಹರಡಿ ಒಂದಿಷ್ಟು ನೆರಳು ಮಾಡಿಕೊಂಡರು. ಏನೂ ಇಲ್ಲದವರು ನೆಲ ಬಗೆದು ಹಳ್ಳದಲ್ಲಿ ಮಲಗಿದರು. ಕಾವಲಿನವರ ಬಿಡಾರವೂ ಅಡುಗೆ ಮನೆಯೂ ತೊರೆಯ ಮೇಲ್ಭಾಗದಲ್ಲಿದ್ದವು. ಅಲ್ಲಿನ ಕೊಳೆಯನ್ನೆಲ್ಲ ಹೊತ್ತುಕೊಂಡೇ ನೀರು ಒಳಗೆ ಬರುತ್ತಿತ್ತು. ಅದೇ ನೀರು ಕುಡಿಯುವುದಕ್ಕೆ, ತೊಳೆಯುವುದಕ್ಕೆ, ಉಳಿದ ಎಲ್ಲದಕ್ಕೆ.

ದಿಮ್ಮಿಯ ಗೋಡೆಯಿಂದ ಸುಮಾರು 19 ಅಡಿ ಒಳಗೆ, ಗೋಡೆಯ ಉದ್ದಕ್ಕೂ ಸುತ್ತುವರಿದು ಇನ್ನೊಂದು ಬೇಲಿ. ಬೇಲಿ ಎನ್ನುವಷ್ಟೂ ಗಟ್ಟಿಯಲ್ಲ. ಸೊಂಟದೆತ್ತರದ ಸಣ್ಣ ಗೂಟಗಳನ್ನು ನೆಟ್ಟು, ಮೇಲೊಂದು ಸಪೂರದ ಪಟ್ಟಿ ಹೊಡೆದದ್ದು. ಕೈಯಿಂದ ಅಲುಗಿಸಿದರೆ ಅಲುಗುವಂಥದ್ದು. ಇದು ಡೆಡ್ ಲೈನ್. ಇದನ್ನು ದಾಟಿದವನನ್ನು, ಹಗಲಾಗಲಿ ರಾತ್ರಿಯಾಗಲಿ, ಕೂಗಿ ಎಚ್ಚರಿಸದೆಯೂ ಗುಂಡಿಟ್ಟು ಕೊಲ್ಲಬಹುದು ಎಂಬುದು ನಿಯಮ. ತಪಾಸಣೆಗೆ ಬಂದ ದಕ್ಷಿಣದ ಸೇನಾಧಿಕಾರಿಯೊಬ್ಬರು 1864ರ ಮೇ ತಿಂಗಳ ವರದಿಯಲ್ಲಿ ಈ ಗೆರೆಯನ್ನೂ ಅದರ ಶಿಕ್ಷೆಯನ್ನೂ ದಾಖಲಿಸಿದ್ದಾರೆ. ಗೋಡೆಗೆ ಅಂಟಿಕೊಂಡಂತೆ 90 ಅಡಿಗೊಂದರಂತೆ ಕಾವಲು ಅಟ್ಟಣೆಗಳಿದ್ದವು. ಕೈದಿಗಳು ಅವುಗಳಿಗೆ ಪಾರಿವಾಳದ ಗೂಡು ಎಂದು ಹೆಸರಿಟ್ಟಿದ್ದರು. ಅಲ್ಲಿ ಬಂದೂಕು ಹಿಡಿದು ನಿಂತಿದ್ದವರು ಹೆಚ್ಚಾಗಿ ಜಾರ್ಜಿಯದ ಮೀಸಲು ದಳದವರು: ಯುದ್ಧಕ್ಕೆ ಕಳಿಸಲಾಗದ ಎಳೆ ಹುಡುಗರು, ವಯಸ್ಸಾದವರು. ಯುದ್ಧವನ್ನೇ ಕಾಣದ ಹುಡುಗನ ಕೈಗೆ ಬಂದೂಕು ಕೊಟ್ಟು, ಕೆಳಗಿರುವವನು ಪಟ್ಟಿ ಮುಟ್ಟಿದರೆ ಹೊಡೆ ಎಂದು ನಿಲ್ಲಿಸಿದರೆ ಏನಾಗಬೇಕೋ ಅದೇ ಆಯಿತು.

ಹೊಸದಾಗಿ ತಂದು ಬಿಟ್ಟವರಲ್ಲಿ ಕೆಲವರಿಗೆ ಗೆರೆಯ ಸಂಗತಿಯೇ ತಿಳಿದಿರುತ್ತಿರಲಿಲ್ಲ ಎಂದು ಬದುಕಿ ಬಂದವರು ಬರೆದಿದ್ದಾರೆ. ತೊರೆ ಒಳಬರುವ ಮೂಲೆಯಲ್ಲಿ, ಗೆರೆಯಾಚೆಗಿನ ನೀರು ಒಂದಿಷ್ಟು ತಿಳಿಯಾಗಿರುತ್ತದೆಂದು ಪಟ್ಟಿಯ ಕೆಳಗೆ ಕೈ ಚಾಚಿದವರು ಅಲ್ಲೇ ಬಿದ್ದರು. ಎಷ್ಟೋ ಕಡೆ ಪಟ್ಟಿ ಕಳಚಿ, ಗೂಟ ಉರುಳಿ, ಗೆರೆ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಕಾಣದಿದ್ದರೂ ಅದು ಇದೆ ಎಂದೇ ಲೆಕ್ಕ.

ಚಿಕಮಾಗ ಎಂಬ ಅಡ್ಡಹೆಸರಿನ ಒಬ್ಬ ಕೈದಿಯ ವಿಷಯ ಓದಿದ ಮೇಲೆ ನನಗೆ ಅದನ್ನು ಮರೆಯಲು ಆಗಿಲ್ಲ. ಚಿಕಮಾಗ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದರಿಂದ ಆ ಹೆಸರು. ಕೈದಿಗಳು ಗುಟ್ಟಾಗಿ ತೋಡುತ್ತಿದ್ದ ಸುರಂಗದ ಸುಳಿವನ್ನು ಕಾವಲಿನವರಿಗೆ ಕೊಟ್ಟವನು ಇವನೇ ಎಂದು ಜೊತೆಯವರಿಗೆ ಅನುಮಾನ ಬಂತು. ಬಡಿಯುತ್ತಾರೆಂಬ ಭಯಕ್ಕೆ ಅವನು ಊರುಗೋಲು ಊರಿಕೊಂಡು ಗೆರೆ ದಾಟಿ, ನನ್ನನ್ನು ಹೊರಗೆ ಬಿಡಿ ಎಂದು ಬೇಡಿಕೊಂಡ. ಹೊರಗೆ ಬಿಡಲಿಲ್ಲ. ಒಳಗೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಅಟ್ಟಣೆಯ ಮೇಲಿನಿಂದ ಗುಂಡು ಹಾರಿತು. ಯುದ್ಧ ಮುಗಿದ ಮೇಲೆ ನಡೆದ ವಿಚಾರಣೆಯಲ್ಲಿ ಒಬ್ಬರಾದ ಮೇಲೊಬ್ಬರು ಸಾಕ್ಷಿಗಳು ಈ ಒಂಟಿಕಾಲಿನವನ ಸಾವನ್ನು ಹೇಳಿದರು. ಆ ಹತ್ತೊಂಬತ್ತು ಅಡಿಯ ಪಟ್ಟಿಯ ಮೇಲೆ ನಿಂತವನಿಗೆ ಹಿಂದೆಯೂ ಜಾಗವಿರಲಿಲ್ಲ, ಮುಂದೆಯೂ ಜಾಗವಿರಲಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಆ ಆಗಸ್ಟ್ ತಿಂಗಳಲ್ಲಿ ದಿನಕ್ಕೆ ಸುಮಾರು ನೂರು ಜನ ಸಾಯುತ್ತಿದ್ದರು. ಗುಂಡಿಗೆ ಸತ್ತವರು ಲೆಕ್ಕದಲ್ಲಿ ಕಡಿಮೆ, ರಕ್ತಭೇದಿಯಿಂದ, ಸ್ಕರ್ವಿಯಿಂದ, ಹಸಿವಿನಿಂದ ಸತ್ತವರೇ ಹೆಚ್ಚು. ಒಂದು ದಿನ ಜೋರು ಮಳೆ ಸುರಿದು ತೊರೆ ಉಕ್ಕಿ ಹರಿಯಿತು. ಮಳೆ ನಿಂತ ಮೇಲೆ ನೋಡಿದರೆ ಇಳಿಜಾರಿನಲ್ಲಿ ನೆಲ ಬಿರಿದು ತಿಳಿನೀರಿನ ಬುಗ್ಗೆ ಎದ್ದಿದೆ. ಎದ್ದದ್ದಾದರೂ ಎಲ್ಲಿ? ಗೋಡೆಗೂ ಡೆಡ್ ಲೈನಿಗೂ ನಡುವೆ. ಕಣ್ಣೆದುರಿಗೆ ಒಳ್ಳೆಯ ನೀರು, ಹೋಗಿ ಬೊಗಸೆ ಒಡ್ಡಿದರೆ ಸಾವು. ಕೈದಿಗಳು ಉದ್ದನೆಯ ಕೋಲಿನ ತುದಿಗೆ ಡಬ್ಬಿ ಕಟ್ಟಿ, ಗೆರೆಯ ಈಚೆಯಿಂದಲೇ ಮೊಗೆದು ಕುಡಿದರು. ಆಮೇಲೆ ನೀರನ್ನು ಗೆರೆಯ ಒಳಕ್ಕೆ ಹರಿಸಲು ಮರದ ದೋಣಿಯೊಂದನ್ನು ಇಡಲಾಯಿತು. ಆ ಬುಗ್ಗೆಗೆ ಅವರು ದೇವರ ಕೃಪೆಯ ಬುಗ್ಗೆ ಎಂಬ ಅರ್ಥ ಬರುವ ಹೆಸರಿಟ್ಟರು. 1901ರಲ್ಲಿ ಅದರ ಮೇಲೆ ಒಂದು ಕಲ್ಲಿನ ಮಂಟಪ ಎದ್ದಿತು. ನೀರು ಈಗಲೂ ಹರಿಯುತ್ತಿದೆ.

ಹದಿನಾಲ್ಕು ತಿಂಗಳಲ್ಲಿ ಆ ದೊಡ್ಡಿಗೆ ಸುಮಾರು 45 ಸಾವಿರ ಜನರನ್ನು ತುಂಬಿದ್ದರು. ಸತ್ತವರು ಹೆಚ್ಚುಕಡಿಮೆ 13 ಸಾವಿರ. ಹೆಣಗಳನ್ನು ಉದ್ದನೆಯ ಕಾಲುವೆ ತೋಡಿ ಒಂದರ ಪಕ್ಕ ಒಂದು ಒತ್ತಾಗಿ ಮಲಗಿಸಿ ಮಣ್ಣು ಮುಚ್ಚಿದರು. ಗುರುತಿಗೆ ಒಂದೊಂದು ನಂಬರು. ಸತ್ತವರ ರಿಜಿಸ್ಟರು ಬರೆಯುವ ಕೆಲಸಕ್ಕೆ ಕೈದಿಗಳಲ್ಲೇ ಒಬ್ಬನನ್ನು ಹಾಕಿದ್ದರು. ಡೋರೆನ್ಸ್ ಆಟ್‌ವಾಟರ್, ಕನೆಟಿಕಟ್‌ನವನು, ಹತ್ತೊಂಬತ್ತರ ಹುಡುಗ. ಈ ರಿಜಿಸ್ಟರು ಮುಂದೆ ಉತ್ತರದವರ ಕೈಸೇರುತ್ತದೆಂಬ ನಂಬಿಕೆ ಅವನಿಗೆ ಇರಲಿಲ್ಲ. ಹಾಗಾಗಿ ಯಾರಿಗೂ ತಿಳಿಯದಂತೆ ಇನ್ನೊಂದು ಪ್ರತಿ ಬರೆದುಕೊಳ್ಳುತ್ತ ಹೋದ. ಹೆಸರು, ದಳ, ಸತ್ತ ದಿನ, ಕಾಯಿಲೆ, ಗೋರಿಯ ನಂಬರು. ಬಿಡುಗಡೆಯಾದಾಗ ಅದನ್ನು ಬಚ್ಚಿಟ್ಟುಕೊಂಡು ಹೊರಗೆ ತಂದ. 1865ರ ಬೇಸಗೆಯಲ್ಲಿ ಕ್ಲಾರಾ ಬಾರ್ಟನ್ ಅವರೂ ಅವನೂ ಇದ್ದ ತಂಡ ಆಂಡರ್ಸನ್‌ವಿಲ್‌ಗೆ ಹೋಗಿ, ನಂಬರುಗಳ ಜಾಗದಲ್ಲಿ ಹೆಸರು ಬರೆದ ಹಲಗೆ ನೆಡಿಸಿತು. ಮುಂದೆ ಅಮೆರಿಕದ ರೆಡ್ ಕ್ರಾಸ್ ಕಟ್ಟಿದ ಕ್ಲಾರಾ ಬಾರ್ಟನ್ ಇವರೇ. 13 ಸಾವಿರ ಗೋರಿಗಳಲ್ಲಿ ಹೆಸರಿಲ್ಲದೆ ಉಳಿದವು ಸುಮಾರು 460 ಮಾತ್ರ. ಆ ಪಟ್ಟಿ ಯಾರದ್ದು ಎಂಬ ಜಗಳದಲ್ಲಿ ಸರ್ಕಾರ ಆಟ್‌ವಾಟರನನ್ನೇ ಜೈಲಿಗೆ ಹಾಕಿ ಆಮೇಲೆ ಬಿಟ್ಟಿತು. 1866ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆ ಆ ಪಟ್ಟಿಯನ್ನು ಅಚ್ಚು ಮಾಡಿ ಹೊರತಂದಿತು. ಮಗನಿಗೆ ಏನಾಯಿತೆಂದು ತಿಳಿಯದೆ ಕೂತಿದ್ದ ಸಾವಿರಾರು ಮನೆಗಳಿಗೆ ಅದರಿಂದ ಉತ್ತರ ಸಿಕ್ಕಿತು. ಪತ್ರಿಕೆಯವನಾಗಿ ನನಗೆ ಈ ಇಡೀ ಕತೆಯಲ್ಲಿ ಹೆಮ್ಮೆ ಅನ್ನಿಸುವ ಜಾಗ ಇದೊಂದೇ.

ಆಂಡರ್ಸನ್‌ವಿಲ್‌ನ ಒಳಕೋಟೆಯ ಅಧಿಕಾರಿ ಹೆನ್ರಿ ವರ್ಟ್ಸ್. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು. 1865ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಸೇನಾ ನ್ಯಾಯಮಂಡಳಿಯ ಮುಂದೆ ಅವನ ವಿಚಾರಣೆ ಶುರುವಾಯಿತು. ಅಧ್ಯಕ್ಷರಾಗಿ ಕೂತವರು ಲ್ಯೂ ವಾಲೇಸ್, ಮುಂದೆ ‘ಬೆನ್ ಹರ್’ ಕಾದಂಬರಿ ಬರೆದವರು. ಆರೋಪಪಟ್ಟಿಯಲ್ಲಿ ಡೆಡ್ ಲೈನಿನ ಮಾತು ಬರುತ್ತದೆ. ಆ ಗೆರೆ ಎಷ್ಟೋ ಕಡೆ ಬರಿ ಊಹೆಯದಾಗಿತ್ತು, ಇನ್ನೆಷ್ಟೋ ಕಡೆ ಅಲುಗಾಡುವ ಗೂಟಕ್ಕೆ ಹೊಡೆದ ನಿಲ್ಲದ ಪಟ್ಟಿಯಾಗಿತ್ತು ಎಂಬುದೂ ಅಲ್ಲಿನ ಒಂದು ದೂರು. ಈ ಮಾತನ್ನು ಓದಿ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತೆ. ಗೆರೆ ಎಲ್ಲಿದೆಯೆಂದು ತೋರಿಸದೆ, ದಾಟಿದೆಯೆಂದು ಶಿಕ್ಷಿಸುವುದು ಬೇರೆಯದೇ ಒಂದು ಅಪರಾಧ ಎಂದು ಆರೋಪ ಬರೆದವರಿಗೆ ತೋಚಿತ್ತು. 1865ರ ನವೆಂಬರ್ 10ರಂದು ವರ್ಟ್ಸ್‌ನನ್ನು ಗಲ್ಲಿಗೇರಿಸಿದರು. ಗಲ್ಲುಗಂಬ ಇದ್ದ ಜೈಲು ಈಗಿಲ್ಲ. ಆ ಜಾಗದಲ್ಲಿ ಈಗ ಅಮೆರಿಕದ ಸುಪ್ರೀಂ ಕೋರ್ಟಿನ ಕಟ್ಟಡವಿದೆ. ಮೇಲಿನವರ ತಪ್ಪಿಗೆ ಅವನೊಬ್ಬನನ್ನು ಬಲಿ ಕೊಟ್ಟರು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಉತ್ತರದವರ ಶಿಬಿರಗಳೂ ಒಳ್ಳೆಯವಾಗಿರಲಿಲ್ಲ. ಅಲ್ಲೂ ಡೆಡ್ ಲೈನ್ ಇತ್ತು, ಮೇರಿಲ್ಯಾಂಡಿನ ಪಾಯಿಂಟ್ ಲುಕೌಟಿನಲ್ಲಿ, ಷಿಕಾಗೋದ ಕ್ಯಾಂಪ್ ಡಗ್ಲಸ್‌ನಲ್ಲಿ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 12 ಸಾವಿರದಷ್ಟು ದಕ್ಷಿಣದ ಕೈದಿಗಳಲ್ಲಿ ಸುಮಾರು 3 ಸಾವಿರ ಮಂದಿ ಸತ್ತರು.

ವಿಚಾರಣೆಯ ವರದಿಗಳು ದಿನವೂ ಪತ್ರಿಕೆಗಳಲ್ಲಿ ಬಂದವು. ಬದುಕಿ ಬಂದ ಕೈದಿಗಳು ಪುಸ್ತಕ ಬರೆದರು. ಹಾಗೆ ಈ ಜೋಡುಪದ ಅಮೆರಿಕದ ಮನೆಮನೆಗೆ ಗೊತ್ತಾಯಿತು. ಮುಂದಿನ ಐವತ್ತು ವರ್ಷ ಅದು ಊರೂರು ಸುತ್ತಿತು. ಕ್ಯಾನ್ಸಸ್‌ನ ಡಾಜ್ ಸಿಟಿಯಲ್ಲಿ ರೈಲು ಹಳಿಯೇ ಡೆಡ್ ಲೈನ್, ಅದರ ಉತ್ತರಕ್ಕೆ ಯಾರೂ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವಂತಿರಲಿಲ್ಲ. ನ್ಯೂಯಾರ್ಕಿನಲ್ಲಿ 1880ರಲ್ಲಿ ಪೊಲೀಸ್ ಅಧಿಕಾರಿ ಥಾಮಸ್ ಬರ್ನ್ಸ್, ಬ್ಯಾಂಕುಗಳೂ ವಾಲ್ ಸ್ಟ್ರೀಟೂ ಇರುವ ಭಾಗಕ್ಕೆ ಫುಲ್ಟನ್ ಬೀದಿಯನ್ನೇ ಎಲ್ಲೆ ಮಾಡಿ, ಹೆಸರಾದ ಕಳ್ಳರು ಯಾರೇ ಅದರ ಕೆಳಗೆ ಕಂಡರೂ ಹಿಡಿಯಿರಿ ಎಂದು ಆಜ್ಞೆ ಕೊಟ್ಟರು. ಅದಕ್ಕೂ ಡೆಡ್ ಲೈನ್ ಎಂದೇ ಹೆಸರು. ಇಲ್ಲೆಲ್ಲ ಗೆರೆ ಇನ್ನೂ ನೆಲದ ಮೇಲೆಯೇ ಇದೆ. ದಾಟಿದರೆ ಸಾವಲ್ಲ, ಸೆರೆ ಅಥವಾ ದಂಡ, ಅಷ್ಟೇ ವ್ಯತ್ಯಾಸ.

ನೆಲ ಬಿಟ್ಟು ಅದು ಕಬ್ಬಿಣದ ಮೇಲೆ ಏರಿದ್ದು ಮುದ್ರಣಾಲಯದಲ್ಲಿ. ಆ ಕಾಲದ ಮುದ್ರಣಯಂತ್ರದ ಹಾಸಿನ ಮೇಲೆ ಒಂದು ಗೆರೆ ಕೊರೆದಿರುತ್ತಿದ್ದರು. ಅಚ್ಚುಮೊಳೆ ಆ ಗೆರೆಯ ಆಚೆ ಹೋದರೆ ಕಾಗದದ ಮೇಲೆ ಮೂಡುವುದಿಲ್ಲ. ಅದು ಡೆಡ್ ಲೈನ್. ಮೊಳೆಯ ಕಾಲವನ್ನು ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಕಂಪೋಜಿಟರುಗಳು ಇನ್ನೂ ಇದ್ದರು. ಒತ್ತಕ್ಷರಕ್ಕೊಂದು, ಗುಣಿತಕ್ಕೊಂದು ಮನೆ ಇರುವ ಕೇಸಿನ ಮುಂದೆ ನಿಂತು, ಕಣ್ಣು ಪ್ರತಿಯ ಮೇಲೆ, ಕೈ ಮೊಳೆಯ ಮೇಲೆ ಇಟ್ಟು ಸಾಲು ಕಟ್ಟುವರು. ಪುಟವನ್ನು ಚೇಸ್ ಎಂಬ ಚೌಕಟ್ಟಿನಲ್ಲಿ ಬಿಗಿಯುವಾಗ ಒಂದು ಸಾಲು ಹೆಚ್ಚಾಯಿತೋ, ‘ಸಾರ್, ಒಂದು ಸಾಲು ಕೊಯ್ದು ಕೊಡಿ’ ಎಂಬ ಕೂಗು ಬರುತ್ತಿತ್ತು. ಅಂಚಿನಾಚೆ ಉಳಿದ ಸಾಲು ಓದುಗನಿಗೆ ಸಿಗದ ಸಾಲು. ಎಷ್ಟೇ ಚೆನ್ನಾಗಿ ಬರೆದಿರಲಿ, ಅದು ಸತ್ತಂತೆಯೇ.

ಅಲ್ಲಿಂದ ಗಡಿಯಾರಕ್ಕೆ ಒಂದೇ ಹೆಜ್ಜೆ. ಜಾಗದ ಆಚೆ ಹೋದ ಅಕ್ಷರ ಅಚ್ಚಾಗದ ಹಾಗೆ, ಹೊತ್ತಿನ ಆಚೆ ಬಂದ ಸುದ್ದಿಯೂ ಅಚ್ಚಾಗದು. ಸುದ್ದಿಮನೆಯವರಿಗೆ ಪಕ್ಕದ ಕೋಣೆಯ ಈ ಮಾತು ಕಿವಿಗೆ ಬಿದ್ದೇ ಇರಬೇಕು. ಸೆರೆಮನೆಯ ಹಳೆಯ ನೆನಪೂ ಅದರಲ್ಲಿ ಬೆರೆತಿರಬೇಕು. ಯಾವುದು ಎಷ್ಟು ಪಾಲು ಎಂದು ಪದಕೋಶ ಮಾಡುವವರು ಇನ್ನೂ ಚರ್ಚಿಸುತ್ತಾರೆ, ಎರಡೂ ಸೇರಿದೆ ಎಂಬುದೇ ನನ್ನ ಅಭಿಪ್ರಾಯ. 20ನೇ ಶತಮಾನದ ಎರಡನೇ ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಪತ್ರಿಕಾಲಯಗಳಲ್ಲಿ ಡೆಡ್‌ಲೈನ್ ಅಂದರೆ ಪುಟ ಮುಚ್ಚುವ ಗಂಟೆ ಎಂದಾಗಿತ್ತು. 1920ರಲ್ಲಿ ‘ಡೆಡ್‌ಲೈನ್ ಅಟ್ ಇಲೆವೆನ್’ ಎಂಬ ಮೂಕಿಚಿತ್ರ ಬಂತು. ಶ್ರೀಮಂತರ ಮನೆಯ ಹುಡುಗಿ ಪತ್ರಿಕೆಯ ವರದಿಗಾರ್ತಿಯಾಗುವ ಕತೆ, ನಾಯಕಿ ಕೊರಿನ್ ಗ್ರಿಫಿತ್. ಆ ಹೆಸರು ಸಿನಿಮಾ ನೋಡುವ ಸಾಮಾನ್ಯ ಜನಕ್ಕೂ ಅರ್ಥವಾಗುತ್ತದೆಂದು ಚಿತ್ರ ಮಾಡಿದವರು ನಂಬಿದ್ದರಲ್ಲ, ಮಾತು ಅಷ್ಟರಮಟ್ಟಿಗೆ ಬಳಕೆಗೆ ಬಂದಿತ್ತು. ಪತ್ರಿಕೆಯಿಂದ ಆಫೀಸಿಗೆ, ಆಫೀಸಿನಿಂದ ಶಾಲೆಗೆ, ಆಮೇಲೆ ಇಂಗ್ಲಿಷ್ ಹೋದಲ್ಲೆಲ್ಲ ಅದೂ ಹೋಯಿತು. ನಮ್ಮಲ್ಲಿಗೂ ಬಂದು, ಉಕಾರ ಹಚ್ಚಿಕೊಂಡು ಡೆಡ್‌ಲೈನು ಆಯಿತು.

ಮಾತಿನ ಹುಟ್ಟು ತಿಳಿದ ಮೇಲೆ ಅದನ್ನು ಬಳಸಲೇಬಾರದು ಎಂದು ನಾನು ಹೇಳುವವನಲ್ಲ. ಮಾತುಗಳು ಹಳೆಯ ಅರ್ಥ ಬಿಟ್ಟುಕೊಟ್ಟೇ ಬದುಕುತ್ತವೆ. ಬೆಳಗಿನ ತಿಂಡಿಗೆ ಬ್ರೇಕ್‌ಫಾಸ್ಟ್ ಅನ್ನುವಾಗ ಉಪವಾಸ ಮುರಿಯುವುದನ್ನು ಯಾರೂ ನೆನೆಯುವುದಿಲ್ಲ, ನೆನೆಯಬೇಕಾಗಿಯೂ ಇಲ್ಲ. ಮೊನ್ನೆ ರವಿಕೆ ಕೊಟ್ಟು ಹೋದ ಆ ತಾಯಿಗೆ ಜಾರ್ಜಿಯದ ದೊಡ್ಡಿಯ ಕತೆ ಹೇಳುವುದು ಮರ್ಯಾದೆಯೂ ಅಲ್ಲ. ಕಂಪ್ಯೂಟರ್ ಮುಂದೆ ಕೂತವರ ಕಷ್ಟವನ್ನು ಆಂಡರ್ಸನ್‌ವಿಲ್‌ನ ಜೊತೆ ತೂಗುವುದಂತೂ ಸತ್ತವರಿಗೆ ಮಾಡುವ ಅನ್ಯಾಯ.

ಆದರೆ ಆ ಆರೋಪಪಟ್ಟಿಯ ಮಾತು ನನ್ನನ್ನು ಬಿಡುತ್ತಿಲ್ಲ. ನಿಜವಾದ ಗೆರೆ ಬೇರೆ, ಊಹೆಯ ಗೆರೆ ಬೇರೆ. ನಮ್ಮ ಫೋರ್‌ಮನ್ ತೋರಿಸುತ್ತಿದ್ದದ್ದು ನಿಜವಾದ ಗೆರೆ. ಬಸ್ಸು ಇಷ್ಟು ಹೊತ್ತಿಗೆ ಹೊರಡುತ್ತದೆ, ಆ ಕೊನೆಯಲ್ಲಿ ಒಬ್ಬ ಕಾದಿರುತ್ತಾನೆ ಎಂದು ಕಾರಣ ಮುಂದಿಟ್ಟು ಕೇಳುತ್ತಿದ್ದರು. ಅಂಥ ಗೆರೆಗೆ ಮೈ ಬಗ್ಗಿಸಿ ದುಡಿಯುವುದಕ್ಕೆ ಯಾರಿಗೂ ಬೇಸರವಿರಲಿಲ್ಲ. ಈಗಿನ ಹುಡುಗರ ಜೊತೆ ಮಾತಾಡಿದಾಗ ಬೇರೆಯೇ ಕೇಳುತ್ತೇನೆ. ಪರಿಚಯದ ಹುಡುಗಿಯೊಬ್ಬಳು ಶುಕ್ರವಾರದ ಡೆಡ್‌ಲೈನ್ ಎಂದು ಎರಡು ರಾತ್ರಿ ನಿದ್ದೆಗೆಟ್ಟು ಕೆಲಸ ಮುಗಿಸಿ ಕಳಿಸಿದಳು. ಮೇಲಿನವರು ಅದನ್ನು ತೆರೆದು ನೋಡಿದ್ದು ಮುಂದಿನ ಬುಧವಾರ. ‘ಯಾಕೆ ಶುಕ್ರವಾರ ಅಂದ್ರು ಅಂಕಲ್?’ ಎಂದು ಅವಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಶುಕ್ರವಾರಕ್ಕೆ ಯಾವ ಬಸ್ಸೂ ಹೊರಡುತ್ತಿರಲಿಲ್ಲ. ಒಬ್ಬರು ಹೆದರಿಕೆಗಾಗಿ ಎಳೆದ ಗೆರೆ ಅದು. ಇಂಥ ಗೆರೆಗಳ ಕೆಟ್ಟ ಫಲವೆಂದರೆ, ನಿಜವಾದ ಗೆರೆ ಬಂದಾಗ ಜನ ಅದನ್ನೂ ನಂಬದೆ ಹೋಗುತ್ತಾರೆ. ಕೆಲಸವೂ ಕೆಡುತ್ತದೆ, ವಿಶ್ವಾಸವೂ ಹೋಗುತ್ತದೆ. ಹೆದರಿಸಿ ತೆಗೆದ ಕೆಲಸ ಚೆನ್ನಾಗಿದ್ದದ್ದನ್ನು ಅಷ್ಟು ವರ್ಷದ ಡೆಸ್ಕಿನ ಬದುಕಿನಲ್ಲಿ ನಾನು ಕಂಡಿಲ್ಲ. ಅವಸರದಲ್ಲಿ ಬಿಟ್ಟ ಪುಟದಲ್ಲೇ ತಪ್ಪುಗಳು ಹೆಚ್ಚು.

ಆಂಡರ್ಸನ್‌ವಿಲ್ 1970ರಿಂದ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ತಾಣವಾಗಿದೆ. ಎಲ್ಲ ಯುದ್ಧಗಳ ಸೆರೆಯಾಳುಗಳ ನೆನಪಿಗೆ 1998ರಲ್ಲಿ ಅಲ್ಲೊಂದು ಸಂಗ್ರಹಾಲಯ ತೆರೆಯಿತು. ದೊಡ್ಡಿ ಇದ್ದ ಬಯಲಿನಲ್ಲಿ ಈಗ ಹುಲ್ಲು ಬೆಳೆದಿದೆ. ಗೋಡೆ ಎಲ್ಲಿತ್ತು, ಡೆಡ್ ಲೈನ್ ಎಲ್ಲಿತ್ತು ಎಂದು ತೋರಿಸಲು ಬಿಳಿಯ ಗೂಟಗಳ ಎರಡು ಸಾಲು ನೆಟ್ಟಿದ್ದಾರೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರು ಈಗ ಬಹಳ ಮಂದಿ ಇದ್ದಾರೆ. ಅಟ್ಲಾಂಟಾದವರಿಗೆ ಅದು ಕಾರಿನಲ್ಲಿ ಹೋಗಿಬರುವಷ್ಟು ದೂರ. ಹೋದವರು ಗೋರಿಗಳನ್ನೂ ನೋಡಿ ಬರಬೇಕು. ಕಲ್ಲುಗಳು ಒಂದಕ್ಕೊಂದು ತಾಗಿಕೊಂಡಂತೆ ನಿಂತಿವೆ, ಹೆಣಗಳನ್ನು ಅಷ್ಟು ಒತ್ತಾಗಿ ಇಟ್ಟಿದ್ದರಿಂದ. ಆ ಕಲ್ಲುಗಳ ಮೇಲಿರುವುದು ಆ ಹತ್ತೊಂಬತ್ತರ ಹುಡುಗ ಬರೆದುಕೊಂಡ ಹೆಸರುಗಳು.

ಇನ್ನೊಬ್ಬರಿಗೆ ದಿನ ಗೊತ್ತುಮಾಡುವ ಜಾಗದಲ್ಲಿ ಕೂತಿರುವವರಲ್ಲಿ, ಅವರು ಮ್ಯಾನೇಜರಾಗಿರಲಿ, ಮೇಷ್ಟರಾಗಿರಲಿ, ಸಂಪಾದಕರಾಗಿರಲಿ, ನನ್ನದೊಂದು ಬೇಡಿಕೆ. ಡೆಡ್‌ಲೈನ್ ಎಂಬ ಮಾತನ್ನು ಬೇಕಾದರೆ ಬಳಸಿ. ದಿನಾಂಕ ಹೇಳುವಾಗ ಆ ದಿನವೇ ಯಾಕೆ ಎಂಬುದನ್ನೂ ಹೇಳಿ. ಹೇಳಲು ಕಾರಣವಿಲ್ಲದಿದ್ದರೆ ಇನ್ನೆರಡು ದಿನ ಹೆಚ್ಚು ಕೊಡಿ. ಆಮೇಲೂ ತಡವಾದರೆ, ಬೈಯುವ ಮೊದಲು ಏನಾಯಿತೆಂದು ಒಂದು ಮಾತು ಕೇಳಿ.